ಕೆಂಪು ಏಲಿಗೆ ಐವತ್ತಕ್ಕೆ ಎಷ್ಟು?

ನಾನು 31 ಕೊಟ್ಟಿದ್ದೆ. ಗೆಳತಿ 22 ಕೊಟ್ಟಿದ್ದಳು. ಒಂದೇ ಬಿಯರು, ಒಂದೇ ಟೇಬಲ್ಲು, ಒಂದೇ ಜಗ್ಗಿನಿಂದ ಸುರಿದದ್ದು.

ಬೆಂಗಳೂರಿನ ಒಂದು ಮೈಕ್ರೋಬ್ರೂವರಿ. ಮಂಗಳವಾರದ ಸಂಜೆ, ಜನ ಇನ್ನೂ ಬಂದಿರಲಿಲ್ಲ. ಹೊಸದಾಗಿ ಐರಿಷ್ ರೆಡ್ ಏಲ್ ಮಾಡಿದೀನಿ, ಮೆನುವಿಗೆ ಹಾಕೋ ಮುಂಚೆ ರುಚಿ ನೋಡಿ ಅಂಕ ಕೊಡಿ ಅಂತ ಅಲ್ಲಿನ ಬ್ರೂವರ್ ಹುಡುಗ ಕರೆದಿದ್ದ. ಗೆಳತಿ ಬಿಯರ್ ಜಡ್ಜ್ ಪರೀಕ್ಷೆಗೆ ಓದಿಕೊಂಡವಳು. ನಾನು ಬರೀ ಕುಡಿಯುವವನು.

"ಇದು ಐರಿಷ್ ರೆಡ್ಡೇ ಅಲ್ಲ ಕಣೋ" ಅಂದಳು. "ಬೆಣ್ಣೆ ವಾಸನೆ ಹೊಡೀತಿದೆ. ಅಲ್ಲಿ ಮಠದ ಸನ್ಯಾಸಿಗಳು ಆರುನೂರು ವರ್ಷದಿಂದ ಮಾಡ್ಕೊಂಡು ಬಂದಿರೋ ಬಿಯರ್ ಇದು. ಅದಕ್ಕೊಂದು ಸಂಪ್ರದಾಯ ಅಂತ ಇದೆ."

ನಾನು ಅಷ್ಟು ಅಂಕ ಕೊಟ್ಟಿದ್ದೇ ಆ ಬೆಣ್ಣೆ ವಾಸನೆಗೆ! ಗ್ಲಾಸಿಗೆ ಮೂಗಿಟ್ಟ ತಕ್ಷಣ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ನೆನಪಾಗಿತ್ತು. ಬ್ರೂವರ್ ಹುಡುಗ ನಮ್ಮಿಬ್ಬರ ಮುಖ ನೋಡುತ್ತಾ ನಿಂತಿದ್ದ. ಅವನ ಮೂರು ವಾರದ ಕೆಲಸ ಅದು. 31 ಅಂದರೆ ಮೆನುವಿಗೆ ಹೋಗುತ್ತದೆ, 22 ಅಂದರೆ ಮಾಲೀಕರಿಗೆ ಉತ್ತರ ಕೊಡಬೇಕಾಗುತ್ತದೆ.

ನಾವು ತುಂಬಿದ್ದು ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್ ಅನ್ನೋ ಸಂಸ್ಥೆಯ ಹಾಳೆ. 1985ರಲ್ಲಿ ಶುರುವಾದ ಈ ಸಂಸ್ಥೆಯ ಹಾಳೆಯನ್ನೇ ಜಗತ್ತಿನ ಬಹುಪಾಲು ಹವ್ಯಾಸಿ ಸ್ಪರ್ಧೆಗಳಲ್ಲಿ ಬಳಸುತ್ತಾರೆ. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಸಿಗುವ ಮೈಕಟ್ಟಿಗೆ 5, ಒಟ್ಟಾರೆ ಅನಿಸಿಕೆಗೆ 10. ಗಮನಿಸಿದಿರಾ? ಹೆಸರೇ 'ಕೆಂಪು', ಆದರೆ ಬಣ್ಣ, ನೊರೆ, ತಿಳಿ ಎಲ್ಲಾ ಸೇರಿ ಬರೀ ಮೂರು ಅಂಕ. ಇಬ್ಬರು ಜಡ್ಜ್‌ಗಳ ನಡುವೆ ಸಾಮಾನ್ಯವಾಗಿ 7 ಅಂಕಕ್ಕಿಂತ ಹೆಚ್ಚು ಅಂತರ ಇರಬಾರದು. ಇದ್ದರೆ ಕೂತು ಮಾತಾಡಿ ಹತ್ತಿರ ಬರಬೇಕು. ನಮ್ಮದು 9.

ಹಾಗಾಗಿ ಎರಡು ಪ್ರಶ್ನೆ ಎದ್ದವು. ಒಂದು, ಈ ಆರುನೂರು ವರ್ಷದ ಸಂಪ್ರದಾಯ ನಿಜವಾ? ಎರಡು, ಬೆಣ್ಣೆ ತಪ್ಪಾ? ಎರಡನೆಯದು ಅವತ್ತೇ ಟೇಬಲ್ಲಿನ ಮೇಲೆ ಇತ್ಯರ್ಥವಾಯಿತು, ಅದಕ್ಕೆ ಆಮೇಲೆ ಬರ್ತೀನಿ. ಮೊದಲನೆಯದಕ್ಕೆ ನಾನು ಒಂದಷ್ಟು ರಾತ್ರಿ ಓದಬೇಕಾಯಿತು.

ಐರ್ಲೆಂಡಿನ ಆಗ್ನೇಯದಲ್ಲಿ ಕಿಲ್ಕೆನಿ ಅನ್ನೋ ಊರಿದೆ. ಅಲ್ಲಿ 13ನೇ ಶತಮಾನದ ಫ್ರಾನ್ಸಿಸ್ಕನ್ ಮಠವೊಂದರ ಅವಶೇಷ ಇದೆ. ಅದೇ ಆವರಣದಲ್ಲಿ ಸ್ಮಿಥಿಕ್ಸ್ ಬ್ರೂವರಿ ಇತ್ತು. (ಬರೆಯುವಾಗ ನಡುವೆ ಒಂದು 'ಡಬ್ಲ್ಯು' ಬರುತ್ತೆ, ಹೇಳುವಾಗ ಅದನ್ನು ನುಂಗಬೇಕು.) ಐರಿಷ್ ರೆಡ್ ಅಂದ ಕೂಡಲೇ ಎಲ್ಲರೂ ಬೊಟ್ಟು ಮಾಡುವುದು ಈ ಬಿಯರಿನತ್ತ. ಸನ್ಯಾಸಿಗಳ ಕಥೆ ಹುಟ್ಟಿದ್ದೂ ಈ ಮಠದ ಕಲ್ಲುಗಳಿಂದಲೇ. ಸನ್ಯಾಸಿಗಳು ಅಲ್ಲಿ ಏಲ್ ಮಾಡಿರಬಹುದು, ಯೂರೋಪಿನ ಮಠಗಳಲ್ಲಿ ಅದು ಮಾಮೂಲಿ ಕೆಲಸ. ಆದರೆ ಕಂಪನಿ ತನ್ನ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳೋದು 1710.

ಆ 1710ರ ಹಿಂದೆ ಸನ್ಯಾಸಿಗಳಿಗಿಂತ ಗಟ್ಟಿಯಾದ ಕಥೆಯೊಂದಿದೆ. ಜಾನ್ ಸ್ಮಿಥಿಕ್ ಕ್ಯಾಥೊಲಿಕ್. ಆಗ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ಕರು ಜಮೀನು ಕೊಳ್ಳುವುದಕ್ಕೆ, ದೀರ್ಘ ಗುತ್ತಿಗೆ ಹಿಡಿಯುವುದಕ್ಕೆ ಕಾನೂನೇ ಅಡ್ಡ ಇತ್ತು. ಆತ ರಿಚರ್ಡ್ ಕೋಲ್ ಅನ್ನುವವನ ಜೊತೆ ಪಾಲುದಾರನಾಗಿ, ಕೋಲ್ ಹಿಡಿದಿದ್ದ ಜಾಗದಲ್ಲಿ ವ್ಯಾಪಾರ ಶುರು ಮಾಡಿದ. ಜಾನ್ ತೀರಿಕೊಂಡ ಮೇಲೆ ಬ್ರೂವರಿ ಮನೆತನದ ಕೈತಪ್ಪಿತು. 19ನೇ ಶತಮಾನದಲ್ಲಿ ಮರಿಮಗ ಎಡ್ಮಂಡ್ ಜಾಗವನ್ನು ವಾಪಸ್ ಕೊಂಡು ಉದ್ಯಮವನ್ನು ಎತ್ತಿ ನಿಲ್ಲಿಸಿದ, ಕಿಲ್ಕೆನಿಯ ಮೇಯರ್ ಕೂಡ ಆದ. ಇಷ್ಟೆಲ್ಲಾ ಪಟ್ಟ ಪಾಡು ಜಾಹೀರಾತಿಗೆ ಸಾಕಾಗಲ್ಲ ನೋಡಿ, ಜನಕ್ಕೆ ಸನ್ಯಾಸಿನೇ ಬೇಕು.

ಇನ್ನು ಬಣ್ಣದ ವಿಷಯ. ಇವತ್ತಿನ ಐರಿಷ್ ರೆಡ್‌ನ ಕೆಂಪು ಎಲ್ಲಿಂದ ಬರುತ್ತೆ ಗೊತ್ತಾ? ಬಹುತೇಕ ತಿಳಿ ಬಣ್ಣದ ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದಕ್ಕೆ ನೂರು ಕೆಜಿಗೆ ಎರಡೋ ಮೂರೋ ಕೆಜಿ, ಮೊಳಕೆ ಬರಿಸದೇ ಕಪ್ಪಗೆ ಹುರಿದ ಬಾರ್ಲಿ. ಜಾಸ್ತಿ ಹಾಕಿದರೆ ಸ್ಟೌಟ್ ಥರ ಕಪ್ಪಾಗುತ್ತೆ, ಚಿಟಿಕೆ ಹಾಕಿದರೆ ದಾಳಿಂಬೆ ಕೆಂಪು. ಹಾಗೆ ಕಪ್ಪಗೆ ಹುರಿಯುವ ತಂತ್ರವೇ ಹೊಸದು. 1817ರಲ್ಲಿ ಡೇನಿಯಲ್ ವೀಲರ್ ಕಾಫಿ ಹುರಿಯುವ ಡ್ರಮ್ಮಿನಂಥದ್ದರಲ್ಲಿ ಮಾಲ್ಟ್ ಹುರಿದು ಪೇಟೆಂಟ್ ಪಡೆದ. ಆದರೆ ಆತ ಹುರಿದದ್ದು ಮಾಲ್ಟು. ಮೊಳಕೆ ಬರಿಸದ ಬಾರ್ಲಿ ಹಾಕುವ ಹಾಗಿರಲಿಲ್ಲ, ಯಾಕಂದ್ರೆ ಸರ್ಕಾರ ತೆರಿಗೆ ಹಾಕುತ್ತಿದ್ದದ್ದೇ ಮಾಲ್ಟಿನ ಮೇಲೆ. 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟ್ ತೆರಿಗೆ ತೆಗೆದು, ಬಿಯರಿನ ಮೇಲೇ ಸುಂಕ ಹಾಕಿದ. ಅಲ್ಲಿಂದಾಚೆಗೆ ಬ್ರೂವರ್‌ಗಳು ಯಾವ ಧಾನ್ಯ ಬೇಕಾದರೂ ಹಾಕಬಹುದಾಯಿತು. ಐರ್ಲೆಂಡ್ ಆಗ ಬ್ರಿಟನ್ನಿನ ಆಡಳಿತದಲ್ಲೇ ಇದ್ದದ್ದರಿಂದ ಈ ಕಾನೂನು ಅಲ್ಲಿಗೂ ಅನ್ವಯ. ಅಂದ್ರೆ, ನಮ್ಮ ಹುಡುಗ ಟ್ಯಾಂಕಿಗೆ ಹಾಕಿದ ಆ ಮೂರು ಕೆಜಿ ಹುರಿದ ಬಾರ್ಲಿಯನ್ನು 1870ರಲ್ಲಿ ಕಿಲ್ಕೆನಿಯಲ್ಲಿ ಹಾಕಿದ್ದರೆ ಅಬಕಾರಿಯವರು ಬಂದು ನಿಲ್ಲುತ್ತಿದ್ದರು!

ಬಣ್ಣ ಅಳೆಯುವ ವಿದ್ಯೆಯೂ ಆ ಕಾಲದ್ದೇ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಜೋಸೆಫ್ ಲೊವಿಬಾಂಡ್ ಅನ್ನೋ ಬ್ರೂವರ್ ಇದ್ದ. ಪ್ರತಿ ಸಲದ ಬಿಯರ್ ಒಂದೇ ಬಣ್ಣದಲ್ಲಿದೆಯಾ ಅಂತ ನೋಡೋದು ಹೇಗೆ ಅನ್ನೋದು ಅವನ ತಲೆನೋವು. ಮೊದಲು ಬಣ್ಣದ ದ್ರಾವಣಗಳನ್ನು ಪಕ್ಕ ಇಟ್ಟು ಹೋಲಿಸಿದ, ಅವು ಮಾಸಿಹೋಗುತ್ತಿದ್ದವು. ಊರಿನ ಕ್ಯಾಥೆಡ್ರಲ್ಲಿನ ಬಣ್ಣದ ಗಾಜು ನೋಡಿ ಉಪಾಯ ಹೊಳೆಯಿತಂತೆ. 1885ರ ಹೊತ್ತಿಗೆ ಬಣ್ಣದ ಗಾಜಿನ ಚೂರುಗಳ ಅಳತೆ ಉಪಕರಣ ತಯಾರಾಯಿತು. ಮಾಲ್ಟ್ ಚೀಲದ ಮೇಲೆ ಇವತ್ತಿಗೂ ಅವನ ಹೆಸರಿನ ಅಳತೆ ಇರುತ್ತೆ.

ಸರಿ, ಹುರಿದ ಬಾರ್ಲಿ ಬಂತು, ಬಣ್ಣ ಬಂತು. 'ಐರಿಷ್ ರೆಡ್' ಅನ್ನೋ ಹೆಸರು? ಅದು ಇನ್ನೂ ಈಚಿನದು. ಎನಿಸ್‌ಕಾರ್ಥಿ ಊರಿನಲ್ಲಿ ಲೆಟ್ ಮನೆತನದ ಬ್ರೂವರಿ ಇತ್ತು, 1956ರಲ್ಲಿ ಮುಚ್ಚಿತು. ಆ ಮನೆತನದ ಜಾರ್ಜ್ ಕಿಲಿಯನ್ ಲೆಟ್ ಮುಂದೆ ತನ್ನ ಹೆಸರನ್ನು ಫ್ರಾನ್ಸಿನ ಪೆಲ್‌ಫೋರ್ತ್ ಕಂಪನಿಗೆ, ಆಮೇಲೆ ಅಮೆರಿಕದ ಕೂರ್ಸ್ ಕಂಪನಿಗೆ ಬಳಸಲು ಕೊಟ್ಟ. ಕೂರ್ಸ್ 1981ರಲ್ಲಿ 'ಕಿಲಿಯನ್ಸ್ ಐರಿಷ್ ರೆಡ್' ಅಂತ ಮಾರುಕಟ್ಟೆಗೆ ಬಿಟ್ಟಿತು. ತಯಾರಾಗುತ್ತಿದ್ದದ್ದು ಕೊಲರಾಡೊದಲ್ಲಿ. ತಮಾಷೆ ಅಂದ್ರೆ, ಮುಂದೆ ಅದು ಏಲ್ ಕೂಡ ಆಗಿರಲಿಲ್ಲ, ತಣ್ಣಗೆ ಹುದುಗಿಸಿದ ಲಾಗರ್ ಆಗಿಬಿಟ್ಟಿತ್ತು!

ಇದಕ್ಕೆ ಸ್ವಲ್ಪ ಮುಂಚೆ, 1977ರಲ್ಲಿ, ಮೈಕೆಲ್ ಜಾಕ್ಸನ್ ಅನ್ನೋ ಇಂಗ್ಲಿಷ್ ಪತ್ರಕರ್ತ ಜಗತ್ತಿನ ಬಿಯರುಗಳ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದ. (ಹೌದು, ಅದೇ ಹೆಸರು. ಡಾನ್ಸ್ ಮಾಡೋರು ಬೇರೆ.) ಬಿಯರುಗಳನ್ನು ಶೈಲಿಗಳಾಗಿ ವಿಂಗಡಿಸಿ ಮಾತಾಡುವ ಅಭ್ಯಾಸ ಬೆಳೆದದ್ದು ಆ ಪುಸ್ತಕದಿಂದ. ಅಮೆರಿಕದ ಹವ್ಯಾಸಿಗಳು ಸ್ಪರ್ಧೆ ನಡೆಸಬೇಕಾದಾಗ ಶೈಲಿಗಳ ಪಟ್ಟಿ ಬೇಕಾಯಿತು, ಪಟ್ಟಿಗೆ ನಿಯಮ ಬೇಕಾಯಿತು. ಜಡ್ಜ್ ಸಂಸ್ಥೆಯ ಕೈಪಿಡಿಯೇ ಇದನ್ನು ಮುಚ್ಚಿಡುವುದಿಲ್ಲ. ಐರ್ಲೆಂಡಿನಲ್ಲಿ ಏಲ್ ಹಳೆಯದು, ಆದರೆ ಇವತ್ತಿನ ಐರಿಷ್ ರೆಡ್ ಅನ್ನೋದು ಇಂಗ್ಲಿಷ್ ಬಿಟರ್‌ನ ಹಾಪ್ಸ್ ತಗ್ಗಿಸಿ, ಬಣ್ಣಕ್ಕೂ ಒಣ ರುಚಿಗೂ ಚೂರು ಹುರಿದ ಧಾನ್ಯ ಸೇರಿಸಿದ ರೂಪ ಅಂತ ಅದರಲ್ಲೇ ಬರೆದಿದೆ. ಗೆಳತಿ ಪರೀಕ್ಷೆಗೆ ಓದಿದ್ದು ಅದೇ ಕೈಪಿಡಿ. "ಇತಿಹಾಸದ ಪ್ಯಾರಾ ಪರೀಕ್ಷೆಗೆ ಕೇಳಲ್ಲ ಅಂತ ಬಿಟ್ಟಿದ್ದೆ" ಅಂತ ಆಮೇಲೆ ಒಪ್ಪಿಕೊಂಡಳು.

ಹಾಗಾದರೆ ನನ್ನ 31 ಸರಿನಾ? ಇಲ್ಲಿಂದ ಕಥೆ ನನ್ನ ವಿರುದ್ಧ ತಿರುಗುತ್ತೆ.

ಬೆಣ್ಣೆ ವಾಸನೆ ಕೊಡುವ ವಸ್ತುವಿನ ಹೆಸರು ಡಯಾಸಿಟಿಲ್. ಹುದುಗುವಾಗ ಯೀಸ್ಟಿನಿಂದಾಗಿ ಹುಟ್ಟುತ್ತದೆ. ಸಮಯ ಕೊಟ್ಟರೆ ಯೀಸ್ಟೇ ಅದನ್ನು ವಾಪಸ್ ಹೀರಿಕೊಂಡು ಸ್ವಚ್ಛ ಮಾಡುತ್ತದೆ. ಆತುರಪಟ್ಟು ಟ್ಯಾಂಕ್ ಖಾಲಿ ಮಾಡಿದರೆ ಬೆಣ್ಣೆ ಉಳಿಯುತ್ತದೆ. ಐರಿಷ್ ರೆಡ್‌ನಲ್ಲಿ ತೀರಾ ಸ್ವಲ್ಪ ಇದ್ದರೆ ಹಳೆಯ ಕೈಪಿಡಿಗಳು ಸಹಿಸಿಕೊಂಡಿದ್ದವು, ಅದಕ್ಕೇ ನಾನು ಪಟ್ಟು ಹಿಡಿದೆ. "ನಿನಗೆ ಬೆಣ್ಣೆ ಅಂತ ಅನ್ನಿಸ್ತಿರೋದು ಕ್ಯಾರಮೆಲ್ ಇರಬಹುದಲ್ವಾ?" ಅಂದೆ.

ಬ್ರೂವರ್ ಹುಡುಗ ಆಗ ಬಾಯಿ ಬಿಟ್ಟ. "ಸರ್, ಇನ್ನೊಂದು ಟ್ಯಾಂಕ್ ಇದೆ. ರೆಸಿಪಿ ಅದೇ. ಮೂರು ದಿನ ಜಾಸ್ತಿ ಬಿಟ್ಟಿದ್ದೆ. ಟೆಸ್ಟ್ ಮಾಡೋಣ್ವಾ?"

ಈ ಟೆಸ್ಟಿಗೂ ಇತಿಹಾಸ ಇದೆ. 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಗೆ ವಿಲಿಯಂ ಸೀಲಿ ಗಾಸೆಟ್ ಅನ್ನೋ ಯುವಕ ಕೆಲಸಕ್ಕೆ ಸೇರಿದ. ಬಾರ್ಲಿ, ಹಾಪ್ಸ್ ಚೆನ್ನಾಗಿದೆಯಾ ಅಂತ ನಾಲ್ಕೈದು ಸ್ಯಾಂಪಲ್ ನೋಡಿ ಹೇಳಬೇಕು. ಅಷ್ಟು ಕಡಿಮೆ ಸ್ಯಾಂಪಲ್ ಇಟ್ಟುಕೊಂಡು ಎಷ್ಟು ಧೈರ್ಯವಾಗಿ ತೀರ್ಪು ಕೊಡಬಹುದು ಅನ್ನೋದಕ್ಕೆ ಆತ ಗಣಿತ ಕಟ್ಟಿದ. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಕಂಪನಿ ಬಿಡುತ್ತಿರಲಿಲ್ಲ, ಹಾಗಾಗಿ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಿನಲ್ಲಿ ಪ್ರಬಂಧ ಬಂತು. ಆಫೀಸಿನಲ್ಲಿ ಎ/ಬಿ ಟೆಸ್ಟ್ ಮಾಡಿ 'ಟಿ-ಟೆಸ್ಟ್ ರನ್ ಮಾಡಿದೆ' ಅಂತೀರಲ್ಲ, ಅದೇ ಇದು. ಬಿಯರ್ ಕಾರ್ಖಾನೆಯ ಕೂಸು. ಆಮೇಲೆ 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ತ್ರಿಕೋನ ಪರೀಕ್ಷೆಯನ್ನು ಬಳಕೆಗೆ ತಂದರು. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಿ, ಅಷ್ಟೇ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಹಾಗಾಗಿ ಮತ್ತೆ ಮತ್ತೆ ಮಾಡಬೇಕು.

ಮಸಾಲೆ ಕಡಲೆಕಾಯಿ ಪಕ್ಕಕ್ಕೆ ಸರಿಸಿ, ನೀರು ಕುಡಿದು, ಗ್ಲಾಸ್ ತೀರಾ ತಣ್ಣಗಿರದ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದೆವು. ತುಂಬಾ ತಣ್ಣಗಿದ್ದರೆ ತಪ್ಪುಗಳು ಅಡಗಿಕೊಳ್ಳುತ್ತವೆ. ನಾಲ್ಕು ಸುತ್ತು. ನನ್ನದು ಒಂದು ಸರಿ, ಅಂದ್ರೆ ಬರೀ ಊಹೆ. ಗೆಳತಿ ನಾಲ್ಕಕ್ಕೆ ನಾಲ್ಕು. ಕಣ್ಣು ಮುಚ್ಚಿ ಊಹಿಸಿ ಹಾಗೆ ಬರುವ ಸಾಧ್ಯತೆ 81ರಲ್ಲಿ ಒಂದು. ಪ್ರತಿ ಸಲವೂ "ಇದು ಬೆಣ್ಣೆ, ಅವು ಅಲ್ಲ" ಅಥವಾ "ಇದು ಕ್ಲೀನ್, ಅವೆರಡೂ ಬೆಣ್ಣೆ" ಅಂತ ಸರಿಯಾಗಿಯೇ ಹೇಳಿದಳು.

"ವೀಕೆಂಡ್ ರಶ್ ಇತ್ತು" ಅಂದ ಹುಡುಗ. "ಟ್ಯಾಂಕ್ ಖಾಲಿ ಮಾಡು ಅಂದ್ರು."

ಆ ಹಾಳೆಯ ಕೊನೆಯಲ್ಲಿ ಮೂರು ಸಣ್ಣ ಗೆರೆಗಳಿರುತ್ತವೆ, ಅಂಕ ಬರೆಯುವ ಗಡಿಬಿಡಿಯಲ್ಲಿ ಯಾರೂ ಸರಿಯಾಗಿ ನೋಡಲ್ಲ. ಶೈಲಿಗೆ ಎಷ್ಟು ಹತ್ತಿರ, ತಯಾರಿ ಎಷ್ಟು ನಿರ್ದೋಷ, ಮತ್ತೆ ಹೇಳಲಾಗದ ಆ ಜೀವಂತಿಕೆ ಎಷ್ಟು. ಮೂರೂ ಬೇರೆ ಬೇರೆ ಪ್ರಶ್ನೆ. ಗೆಳತಿ ಮೊದಲ ಗೆರೆಯ ಸಿಟ್ಟನ್ನು ಎರಡನೆಯದರ ಮೇಲೆ ತೋರಿಸಿದ್ದಳು, ನಾನು ಮೂರನೆಯದರ ಖುಷಿಯಲ್ಲಿ ಎರಡನೆಯದನ್ನು ನೋಡೇ ಇರಲಿಲ್ಲ. ಅವಳ ಮೂಗು ಸರಿ ಇತ್ತು, ಇತಿಹಾಸ ತಪ್ಪಿತ್ತು. ನನ್ನ ಕಥೆ ಉಲ್ಟಾ.

ಕಿಲ್ಕೆನಿಯ ಬ್ರೂವರಿ 1960ರ ದಶಕದಲ್ಲಿ ಗಿನ್ನೆಸ್ ಪಾಲಾಗಿ, 2013ರ ಕೊನೆಗೆ ಬಾಗಿಲು ಹಾಕಿತು. ಸ್ಮಿಥಿಕ್ಸ್ ತಯಾರಿಕೆ ಆಗ ಡಬ್ಲಿನ್ನಿಗೆ ಹೋಯಿತು. ಹಳೆಯ ಜಾಗದಲ್ಲಿ ಪ್ರವಾಸಿಗರಿಗೆ ಕಥೆ ಹೇಳುವ ಕೇಂದ್ರ ಇದೆ, ಸನ್ಯಾಸಿಗಳ ಕಥೆಯೂ ಸೇರಿ. ಅಸಲಿ ಊರಿನ ಅಸಲಿ ಬಿಯರೇ ಊರು ಬಿಟ್ಟಿರುವಾಗ, ಬೆಂಗಳೂರಿನ ಹುಡುಗನೊಬ್ಬನಿಗೆ 'ಅಸಲಿ ಅಲ್ಲ' ಅಂತ ಅಂಕ ಕಳೆಯುವುದು ನನಗಂತೂ ಸರಿ ಕಾಣಲಿಲ್ಲ. ಮೂರು ದಿನ ಕಾಯಲಿಲ್ಲ ಅಂತ ಕಳೆಯುವುದು ಮಾತ್ರ ನ್ಯಾಯ.

ಇಬ್ಬರೂ ಕೂತು ಮೊದಲ ಟ್ಯಾಂಕಿಗೆ 26 ಅಂತ ಬರೆದೆವು. ಕಾದ ಟ್ಯಾಂಕಿಗೆ 35. ಹುಡುಗ ಎರಡೂ ಹಾಳೆಗಳ ಫೋಟೋ ತೆಗೆದುಕೊಂಡ, ಮಾಲೀಕರಿಗೆ ತೋರಿಸೋಕೆ ಅಂತ. ನಾವು ಆಟೋ ಹಿಡಿದು ಮನೆಗೆ ಬಂದೆವು.