ಲಸಿಕೆ ದಾಸ್ತಾನಿನಲ್ಲಿ ಡಿಜಿಟಲ್ ತಾಪಮಾನ ಸಂವೇದಕ ಚಿಪ್: ಕಾರ್ಯವಿಧಾನ ಮತ್ತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಿಂದ ಜಾರಿಯಲ್ಲಿದ್ದು, ಇದರಡಿ ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ಲಸಿಕೆಯನ್ನು ಉಚಿತವಾಗಿ ನೀಡಲಾಗುತ್ತದೆ. ಮಂಡ್ಯದ ಜಿಲ್ಲಾ ದಾಸ್ತಾನಿನಿಂದ ಹೊರಟ ಲಸಿಕೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೋಬಳಿಯಂತಹ ಗ್ರಾಮೀಣ ಪ್ರದೇಶವನ್ನು ತಲುಪುವಾಗ ಹಲವು ಹಂತಗಳನ್ನು ದಾಟಿರುತ್ತದೆ. ಆರೋಗ್ಯ ಕೇಂದ್ರದ ಮಟ್ಟದಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸತಕ್ಕದ್ದು. ಈ ವ್ಯವಸ್ಥೆಗೆ ಶೀತಲ ಸರಪಳಿ ಎಂದು ಹೆಸರು. ಇದರ ನಿಗಾ ಕಾರ್ಯದಲ್ಲಿ ಬಳಕೆಯಾಗುವ ಡಿಜಿಟಲ್ ಸಂವೇದಕದ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಂವೇದಕದ ಅಗತ್ಯ

ಲಸಿಕೆ ಬಾಟಲಿಯ ಮೇಲಿನ ನಿಗಾ ಸೂಚಕದಲ್ಲಿ ಒಳಗಿನ ಚೌಕವು ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆಯನ್ನು ಬಳಸಬಹುದು. ಬಣ್ಣ ಸಮನಾದರೆ ಅಥವಾ ಗಾಢವಾದರೆ ಬಳಸತಕ್ಕದ್ದಲ್ಲ. ಆದರೆ ಈ ಸೂಚಕವು ಶಾಖದ ಹಾನಿಯನ್ನು ಮಾತ್ರ ತೋರಿಸುತ್ತದೆ; ಲಸಿಕೆ ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಮುಂತಾದ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಶಕ್ತಿ ಕಳೆದುಕೊಳ್ಳುತ್ತವೆ. ಕರಗಿದ ನಂತರ ಅವು ನೋಟಕ್ಕೆ ಮೊದಲಿನಂತೆಯೇ ಕಾಣಬಹುದು. ಕಳೆದ ಶಕ್ತಿ ಮಾತ್ರ ಮರಳುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಿಯೂ ರಕ್ಷಣೆ ದೊರೆಯದಿರುವ ಅಪಾಯ ಇಲ್ಲಿದೆ. ಆದ್ದರಿಂದ ತಾಪಮಾನದ ನಿರಂತರ ದಾಖಲೆ ಅವಶ್ಯಕವಾಗಿದೆ.

ಚಿಪ್ ತಾಪಮಾನವನ್ನು ಅಳೆಯುವ ವಿಧಾನ

ಚಿಪ್‌ನಲ್ಲಿ ಪಾದರಸವಾಗಲಿ ಚಲಿಸುವ ಭಾಗವಾಗಲಿ ಇರುವುದಿಲ್ಲ. ಸಿಲಿಕಾನ್ ಟ್ರಾನ್ಸಿಸ್ಟರಿನ ಸಂಧಿಯಲ್ಲಿ ನಿಗದಿತ ಪ್ರಮಾಣದ ವಿದ್ಯುತ್ ಹರಿಸಿದಾಗ, ತಾಪಮಾನವು ಒಂದು ಡಿಗ್ರಿ ಏರಿದಂತೆ ಅದರ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಈ ಇಳಿಕೆಯು ಚಿಪ್‌ನಿಂದ ಚಿಪ್‌ಗೆ ಸ್ವಲ್ಪ ಬದಲಾಗುವುದರಿಂದ, ಎರಡು ಬೇರೆ ಬೇರೆ ಪ್ರಮಾಣದ ವಿದ್ಯುತ್ ಹರಿಸಿ ಎರಡೂ ವೋಲ್ಟೇಜುಗಳ ವ್ಯತ್ಯಾಸವನ್ನು ತೆಗೆದುಕೊಳ್ಳುವುದು ರೂಢಿ. ಈ ವ್ಯತ್ಯಾಸವು ಪರಮ ತಾಪಮಾನಕ್ಕೆ ನೇರ ಅನುಪಾತದಲ್ಲಿರುತ್ತದೆ. ವಿದ್ಯುತ್ ಪ್ರಮಾಣಗಳು 1:8 ಇದ್ದಲ್ಲಿ ಪ್ರತಿ ಡಿಗ್ರಿಗೆ ಸುಮಾರು 0.18 ಮಿಲಿವೋಲ್ಟ್ ಬದಲಾವಣೆ ದೊರೆಯುತ್ತದೆ. ಚಿಪ್‌ನೊಳಗಿನ ಪರಿವರ್ತಕವು ಇದನ್ನು ಅಂಕಿಯಾಗಿ ಬದಲಾಯಿಸುತ್ತದೆ.

ತಾಪಮಾನವನ್ನು ವರದಿ ಮಾಡುವ ವಿಧಾನ

ವ್ಯಾಪಕವಾಗಿ ಬಳಕೆಯಲ್ಲಿರುವ ಡಿಎಸ್18ಬಿ20 ಎಂಬ ಚಿಪ್‌ನ್ನು ಉದಾಹರಣೆಯಾಗಿ ವಿವರಿಸಲಾಗಿದೆ.

1. ಪ್ರತಿ ಚಿಪ್‌ಗೆ 64 ಬಿಟ್‌ಗಳ ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ಆದ್ದರಿಂದ ಒಂದೇ ತಂತಿಗೆ ಹಲವು ಚಿಪ್‌ಗಳನ್ನು ಜೋಡಿಸಬಹುದು.

2. ನಿಯಂತ್ರಕದಿಂದ ಆದೇಶ ಬಂದ ನಂತರ ಚಿಪ್ ತಾಪಮಾನವನ್ನು ಅಳೆಯುತ್ತದೆ. 12 ಬಿಟ್‌ಗಳ ಅಳತೆಗೆ ಗರಿಷ್ಠ 750 ಮಿಲಿಸೆಕೆಂಡ್ ಬೇಕಾಗುತ್ತದೆ.

3. ಫಲಿತಾಂಶವು 0.0625 ಡಿಗ್ರಿಯ ಹಂತಗಳ ಎಣಿಕೆಯಾಗಿರುತ್ತದೆ. ಚಿಪ್ 72 ಎಂದು ವರದಿ ಮಾಡಿದರೆ ತಾಪಮಾನವು 4.5 ಡಿಗ್ರಿ ಎಂದರ್ಥ.

4. ಅಂಕಿಗಳೊಂದಿಗೆ ಪರಿಶೀಲನಾ ಸಂಖ್ಯೆಯೊಂದನ್ನೂ ಕಳುಹಿಸಲಾಗುತ್ತದೆ. ಅದು ತಾಳೆಯಾಗದಿದ್ದಲ್ಲಿ ನಿಯಂತ್ರಕವು ಆ ಅಳತೆಯನ್ನು ತಿರಸ್ಕರಿಸಬಹುದು.

5. ವಿದ್ಯುತ್ ಬಂದ ಕೂಡಲೇ, ಇನ್ನೂ ಅಳತೆ ಮಾಡುವ ಮೊದಲು, ಈ ಚಿಪ್‌ನಲ್ಲಿ 85 ಡಿಗ್ರಿ ಎಂಬ ಅಂಕಿ ಇರುತ್ತದೆ. ಲಸಿಕೆ ಪೆಟ್ಟಿಗೆಯ ದಾಖಲೆಯಲ್ಲಿ ಹಠಾತ್ತನೆ 85 ಕಂಡುಬಂದರೆ ಅದನ್ನು ಉಪಕರಣದ ದೋಷವೆಂದು ಪರಿಗಣಿಸಿ ಪರಿಶೀಲಿಸಬೇಕು.

ಅಂಕಿಯ ಮಿತಿ

0.0625 ಎಂಬುದು ಹಂತದ ಅಳತೆಯೇ ಹೊರತು ನಿಖರತೆಯಲ್ಲ. −10ರಿಂದ 85 ಡಿಗ್ರಿವರೆಗೆ ಈ ಚಿಪ್‌ನ ನಿಖರತೆ ±0.5 ಡಿಗ್ರಿ. ಪರದೆಯ ಮೇಲೆ 2.0 ಎಂದಿದ್ದರೆ ನಿಜವಾದ ತಾಪಮಾನವು 1.5 ಇರಬಹುದು, 2.5 ಸಹ ಇರಬಹುದು. ಅಲ್ಲದೆ ಚಿಪ್ ತಾನಿರುವ ಸ್ಥಳದ ತಾಪಮಾನವನ್ನಷ್ಟೇ ತಿಳಿಸುತ್ತದೆ. ಐಸ್ ಲೈನ್ಡ್ ರೆಫ್ರಿಜರೇಟರಿನ ತಳಭಾಗವು ಹೆಚ್ಚು ತಣ್ಣಗಿರುವುದರಿಂದ, ಹೆಪ್ಪುಗಟ್ಟಬಾರದ ಲಸಿಕೆಗಳನ್ನು ಬುಟ್ಟಿಯಲ್ಲಿ ಮೇಲ್ಭಾಗದಲ್ಲಿ ಇರಿಸಿ ಸಂವೇದಕವನ್ನು ಅವುಗಳ ಬಳಿಯೇ ಇಡುವುದು ಸೂಕ್ತ. ತಪ್ಪು ಸ್ಥಳದಲ್ಲಿರುವ ಸಂವೇದಕದ ಸರಿಯಾದ ಅಂಕಿಯೂ ದಾರಿ ತಪ್ಪಿಸುತ್ತದೆ.

ಎಚ್ಚರಿಕೆ ಮತ್ತು ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ 30 ದಿನಗಳ ತಾಪಮಾನ ದಾಖಲಕವು, 8 ಡಿಗ್ರಿಗಿಂತ ಹೆಚ್ಚಿನ ತಾಪಮಾನ ಸತತ 10 ಗಂಟೆ ಇದ್ದಾಗ ಅಥವಾ −0.5 ಡಿಗ್ರಿ ಇಲ್ಲವೇ ಅದಕ್ಕಿಂತ ಕಡಿಮೆ ತಾಪಮಾನ 60 ನಿಮಿಷ ಇದ್ದಾಗ ಎಚ್ಚರಿಕೆ ನೀಡುತ್ತದೆ. ಶಾಖಕ್ಕೆ 10 ಗಂಟೆ, ಶೀತಕ್ಕೆ ಒಂದೇ ಗಂಟೆ ಎಂಬುದು ಗಮನಾರ್ಹ. ಭಾರತದಲ್ಲಿ 2015ರಲ್ಲಿ ಆರಂಭವಾದ ಇವಿನ್ ವ್ಯವಸ್ಥೆಯಲ್ಲಿ ಸಿಮ್ ಅಳವಡಿಸಿದ ದಾಖಲಕಗಳ ಮೂಲಕ ತಾಪಮಾನವು ದೂರದ ಗಣಕಯಂತ್ರಕ್ಕೆ ತಲುಪುತ್ತದೆ. ಮಿತಿ ಮೀರಿದಾಗ ಸಿಬ್ಬಂದಿಗೆ ಸಂದೇಶ ಹೋಗುತ್ತದೆ. ಆದಾಗ್ಯೂ ದಿನಕ್ಕೆ ಎರಡು ಬಾರಿ ತಾಪಮಾನವನ್ನು ನೋಡಿ ವಹಿಯಲ್ಲಿ ಬರೆಯುವ ಪದ್ಧತಿಯು ಅಗತ್ಯವಾಗಿಯೇ ಇದೆ. ಚಿಪ್ ತಿಳಿಸಬಲ್ಲದು, ಲಸಿಕೆಯನ್ನು ಸ್ಥಳಾಂತರಿಸುವುದು ಸಿಬ್ಬಂದಿಯ ಕರ್ತವ್ಯ.

ಸಾರ್ವಜನಿಕರ ಗಮನಕ್ಕೆ

1. ಲಸಿಕೆಗೆ ಬರುವಾಗ ತಾಯಿ ಕಾರ್ಡನ್ನು ತಪ್ಪದೇ ತರತಕ್ಕದ್ದು.

2. ಬಾಟಲಿಯ ಮೇಲಿನ ನಿಗಾ ಸೂಚಕವನ್ನು ತೋರಿಸುವಂತೆ ಆರೋಗ್ಯ ಸಹಾಯಕಿಯರನ್ನು ಕೋರಬಹುದು.

3. ತಾಪಮಾನದ ಎಚ್ಚರಿಕೆಯ ಕಾರಣ ಲಸಿಕೆಯನ್ನು ಪ್ರತ್ಯೇಕವಾಗಿರಿಸಿ ಲಸಿಕಾ ದಿನವನ್ನು ಮುಂದೂಡಿದಲ್ಲಿ, ಅದು ಮಗುವಿನ ಹಿತಕ್ಕಾಗಿ ಕೈಗೊಂಡ ಕ್ರಮವೆಂದು ತಿಳಿದು ಸಹಕರಿಸುವುದು. ಮುಂದಿನ ದಿನಾಂಕವನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಂಡು ಬಾಕಿ ಲಸಿಕೆಯನ್ನು ತಪ್ಪದೇ ಹಾಕಿಸತಕ್ಕದ್ದು.

4. ಸಂದೇಹಗಳಿದ್ದಲ್ಲಿ ಸಂಬಂಧಪಟ್ಟ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.