ನಾರಾಯಣಪೇಟ: ಎಕರೆ ಲೆಕ್ಕದ ನೆರವು ಪಟ್ಟಾದಾರನಿಗೆ, ಗೇಣಿ ರೈತನಿಗಿಲ್ಲ

ರಾಯಚೂರು ಮತ್ತು ಯಾದಗಿರಿಗೆ ಹೊಂದಿಕೊಂಡಿರುವ ತೆಲಂಗಾಣದ ನಾರಾಯಣಪೇಟ ಜಿಲ್ಲೆ 2019ರ ಫೆಬ್ರವರಿ 17ರಂದು ಮಹಬೂಬನಗರದಿಂದ ಬೇರ್ಪಟ್ಟಿತು. ಕೃಷ್ಣಾ, ಮಾಗನೂರು ಮಂಡಲಗಳ ಹಳ್ಳಿಗಳಲ್ಲಿ ಕನ್ನಡಿಗರು ತಲೆತಲಾಂತರದಿಂದ ನೆಲೆಸಿದ್ದಾರೆ. ಹತ್ತಿ, ತೊಗರಿ, ಭತ್ತ ಇಲ್ಲಿನ ಮುಖ್ಯ ಬೆಳೆಗಳು. ಬಿತ್ತನೆಯ ಖರ್ಚಿಗೆ ಸರಕಾರ ನೀಡುವ ನೆರವು ಯಾರಿಗೆ, ಎಷ್ಟು ಎಂಬ ವಿವರ ಇಲ್ಲಿದೆ.

ಯೋಜನೆ ಬಂದ ಬಗೆ

ತೆಲಂಗಾಣ ಸರಕಾರ 2018ರ ಮೇ 10ರಂದು 'ರೈತು ಬಂಧು' ಆರಂಭಿಸಿತು. ಅದಕ್ಕೂ ಮುನ್ನ 2017ರಲ್ಲಿ ಭೂ ದಾಖಲೆಗಳನ್ನು ಪರಿಷ್ಕರಿಸಿ ಹೊಸ ಪಟ್ಟಾದಾರ್ ಪಾಸ್ ಪುಸ್ತಕ ನೀಡುವ ಕೆಲಸ ಕೈಗೆತ್ತಿಕೊಳ್ಳಲಾಗಿತ್ತು. ಮೊದಲ ಹಂಗಾಮಿನಲ್ಲಿ ಎಕರೆಗೆ 4 ಸಾವಿರ ರೂ. ಚೆಕ್ ಮೂಲಕ ಬಂತು. ನಂತರ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಯಿತು. 2019ರಿಂದ ಈ ಮೊತ್ತ 5 ಸಾವಿರ ರೂ.ಗೆ ಏರಿತು. ಭೂಮಿಗೆ ಗರಿಷ್ಠ ಮಿತಿ ಇರಲಿಲ್ಲ.

ಇದರ ಜಾಗಕ್ಕೆ ಬಂದ 'ರೈತು ಭರೋಸಾ'ಕ್ಕೆ 2025ರ ಜನವರಿ 26ರಂದು ಇದೇ ಜಿಲ್ಲೆಯ ಕೋಸ್ಗಿ ಮಂಡಲದ ಚಂದ್ರವಂಚ ಗ್ರಾಮದಲ್ಲಿ ಚಾಲನೆ ದೊರೆಯಿತು. ಹಂಗಾಮಿಗೆ ಎಕರೆಗೆ 6 ಸಾವಿರ, ವರ್ಷಕ್ಕೆ 12 ಸಾವಿರ ರೂ. ಎಂದು ನಿಗದಿಯಾಯಿತು. ಸಾಗುವಳಿಗೆ ಯೋಗ್ಯವಲ್ಲದ ಜಮೀನು, ಲೇಔಟ್ ಮತ್ತು ಗಣಿ ಪ್ರದೇಶಗಳನ್ನು ಹೊರಗಿಡಲಾಯಿತು.

ಲೆಕ್ಕ ಹೀಗೆ

ಒಂದು ಎಕರೆಗೆ 40 ಗುಂಟೆ. ಅಂದರೆ ಗುಂಟೆಗೆ 150 ರೂ. ಎರಡೂವರೆ ಎಕರೆಯ ರೈತನಿಗೆ ಹಂಗಾಮಿಗೆ 15 ಸಾವಿರ ರೂ. ಸಿಗುತ್ತದೆ. ಕಡಿಮೆ ಜಮೀನು ಇರುವವರಿಗೆ ಮೊದಲು, ಹೆಚ್ಚು ಇರುವವರಿಗೆ ನಂತರ ಹಣ ಬಿಡುಗಡೆ ಮಾಡುವುದು ರೂಢಿ. ಕೇಂದ್ರದ ಪಿಎಂ ಕಿಸಾನ್ ಇದಕ್ಕಿಂತ ಭಿನ್ನ. 2019ರ ಫೆಬ್ರವರಿ 24ರಂದು ಆರಂಭವಾದ ಆ ಯೋಜನೆ ಎಕರೆ ನೋಡದೆ ಕುಟುಂಬಕ್ಕೆ ವರ್ಷಕ್ಕೆ 6 ಸಾವಿರ ರೂ. ಗೊತ್ತುಮಾಡಿತು.

ಗೇಣಿ ರೈತರ ಪಾಡು

ನೆರವು ಪಾಸ್ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ. ಬೇರೆಯವರ ಹೊಲವನ್ನು ಗೇಣಿಗೆ ಹಿಡಿದು ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡುವವನಿಗೆ ಅದೇ ಹೊಲದ ಹಣ ಬರುವುದಿಲ್ಲ. ಗೇಣಿದಾರರಿಗೂ ಸೇರಿ ಎಕರೆಗೆ ವರ್ಷಕ್ಕೆ 15 ಸಾವಿರ ರೂ. ಕೊಡುವುದಾಗಿ 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಭರವಸೆ ನೀಡಿತ್ತು. 2025ರಲ್ಲಿ ಬಂದದ್ದು 12 ಸಾವಿರ, ಅದೂ ಪಟ್ಟಾದಾರರಿಗೆ.

ಭೂಹೀನ ಕೂಲಿ ಕುಟುಂಬಗಳಿಗೆ ವರ್ಷಕ್ಕೆ 12 ಸಾವಿರ ರೂ. ಕೊಡುವ 'ಇಂದಿರಮ್ಮ ಆತ್ಮೀಯ ಭರೋಸಾ' ಕೂಡ ಅದೇ ದಿನ ಆರಂಭವಾಯಿತು. 2023-24ರಲ್ಲಿ ಉದ್ಯೋಗ ಖಾತ್ರಿಯಡಿ ಕನಿಷ್ಠ 20 ದಿನ ದುಡಿದಿರಬೇಕೆಂಬುದು ಷರತ್ತು. ಹತ್ತು ಗುಂಟೆ ಸ್ವಂತ ಜಮೀನಿದ್ದು, ಐದು ಎಕರೆ ಗೇಣಿ ಮಾಡುವವನು ಭೂಹೀನನಲ್ಲ. ಹೀಗಾಗಿ ಅವನ ಪಾಲಿಗೆ ಬರುವುದು ಹಂಗಾಮಿಗೆ 1,500 ರೂ. ಮಾತ್ರ.

ಹೆಚ್ಚಿನ ನಷ್ಟ ವಿಮೆಯಲ್ಲಿದೆ. 2018ರ ಆಗಸ್ಟ್‌ನಲ್ಲಿ ಆರಂಭವಾದ 'ರೈತು ಬೀಮಾ' ಎಲ್‌ಐಸಿ ಮೂಲಕ 18ರಿಂದ 59 ವರ್ಷದ ಪಟ್ಟಾದಾರ ರೈತ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂ. ಕೊಡುವ ಯೋಜನೆ. ಹೆಸರಿಗೆ ಒಂದು ಗುಂಟೆಯೂ ಇಲ್ಲದ ಗೇಣಿ ರೈತ ಸತ್ತರೆ ಮನೆಯವರಿಗೆ ಉಳಿಯುವುದು ಸಾಲ.

ದಾಖಲೆಯೇ ಅಡ್ಡಿ

ಕರ್ನಾಟಕದ ಪಹಣಿಯಲ್ಲಿ ಸಾಗುವಳಿದಾರರ ಹೆಸರಿಗೆ ಕಲಂ ಇದೆ. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು ಬಂದ ಧರಣಿ ಪೋರ್ಟಲ್‌ನಲ್ಲಿ ಅನುಭವದಾರರ ಕಲಂ ಇರಲಿಲ್ಲ. ಅವಿಭಜಿತ ಆಂಧ್ರದ 2011ರ ಕಾಯ್ದೆ ಗೇಣಿದಾರರಿಗೆ ಸಾಲ ಅರ್ಹತಾ ಕಾರ್ಡ್ ನೀಡಲು ಅವಕಾಶ ಕೊಟ್ಟಿತ್ತು. ಆದರೆ ಎಕರೆ ಲೆಕ್ಕದ ನೆರವಿಗೆ ಆ ಕಾರ್ಡನ್ನು ಆಧಾರವಾಗಿ ಹಿಡಿಯಲಿಲ್ಲ. ಬಾಯಿಮಾತಿನ ಗೇಣಿಯೇ ಹೆಚ್ಚಿರುವ ಈ ಭಾಗದಲ್ಲಿ, ಉಳುವವನ ಹೆಸರು ಯಾವುದಾದರೂ ಸರಕಾರಿ ಪುಸ್ತಕಕ್ಕೆ ಏರುವವರೆಗೆ ಈ ಹಣ ಹೊಲದ ಒಡೆಯನ ಖಾತೆಗೇ ಹೋಗುತ್ತದೆ.