ಒಂದು ಶಿಲ್ಲಿಂಗಿನ ಪಂಥ

ಮೊನ್ನೆ ಹೊತ್ತೋಪಗ ಹಪ್ಪಳಕ್ಕೆ ಹಲಸಿನಕಾಯಿ ಸೊಳೆ ಬಿಡುಸಿಗೊಂಡು ಕೂದಿತ್ತಿದ್ದೆ. ಮಗಳು ಮೊಬೈಲಿಲ್ಲಿ ಒಂದು ಪದ ಮಡಗಿತ್ತು. ಹಿಮ್ಮೇಳ ಎಂತದೂ ಇಲ್ಲೆ, ಒಂದು ಹೆಮ್ಮಕ್ಕಳ ಸ್ವರ ಮಾಂತ್ರ. ಇಂಗ್ಲಿಷ್ ಪದ, ಎನಗೆ ಅರ್ಧವೂ ಅರ್ಥ ಆಯಿದಿಲ್ಲೆ. ಆದರೆ ಕೈಲಿಪ್ಪ ಸೊಳೆ ಕೈಲೇ ಬಾಕಿ. ಅಷ್ಟು ತಗ್ಗಿನ ಸ್ವರ, ಅಷ್ಟು ತುಂಬಿದ ಸ್ವರ.

"ಇದು ಆರು?" ಕೇಳಿದೆ.

"ಕ್ಯಾಥ್ಲೀನ್ ಫೆರಿಯರ್, ಅಮ್ಮ. 1949ರ ರೆಕಾರ್ಡು" ಹೇಳಿತ್ತು.

ಆ ಇರುಳು ಕೂದು ಅದರ ಕತೆ ಓದಿದೆ. ಮತ್ತೆ ಮನುಗಿರೂ ಒರಕ್ಕು ಬಯಿಂದಿಲ್ಲೆ. ನಿಂಗೊಗೂ ಹೇಳೆಕ್ಕು ಹೇಳಿ ಕಂಡತ್ತು.

ಅದು ಹೆಸರು ಮಾಡಿದ್ದರಲ್ಲಿ ಒಪೇರಾವೂ ಒಂದು. ನಮ್ಮ ಆಟಲ್ಲಿ ಭಾಗವತರು ಪದ ಹೇಳ್ತವು, ವೇಷದವು ಅರ್ಥ ಹೇಳ್ತವು ಅಲ್ಲದೋ? ಒಪೇರಾಲ್ಲಿ ವೇಷ ಕಟ್ಟಿದವೇ ಪದವನ್ನೂ ಹೇಳೆಕ್ಕು. ಕತೆ ಹೆಚ್ಚಿನಂಶ ಪದಲ್ಲೇ ಮುಂದೆ ಹೋಪದು. ಎದುರಾಣ ಗುಂಡಿಲಿ ದೊಡ್ಡ ವಾದ್ಯಮೇಳ, ಅದರ ನಡೆಶುಲೆ ಕೈಲಿ ಸಣ್ಣ ಕೋಲು ಹಿಡ್ಕೊಂಡ ಕಂಡಕ್ಟರ್. ಬಸ್ಸಿನ ಕಂಡಕ್ಟರ್ ಅಲ್ಲ, ಮತ್ತೆ! ಹೆಮ್ಮಕ್ಕಳ ಸ್ವರಲ್ಲಿ ಮೇಲಾಣದ್ದಕ್ಕೆ ಸೊಪ್ರಾನೊ, ಎಲ್ಲದಕ್ಕಿಂತ ಕೆಳಾಣದ್ದಕ್ಕೆ ಕಾಂಟ್ರಾಲ್ಟೊ ಹೇಳ್ತವು. ಚೆಂದದ ನಾಯಕಿ ವೇಷ ಹೆಚ್ಚಾಗಿ ಸೊಪ್ರಾನೊದವಕ್ಕೆ. ಕಾಂಟ್ರಾಲ್ಟೊದವಕ್ಕೆ ಅಜ್ಜಿ, ದಾದಿ, ಮಾಟಗಾತಿ, ಅಲ್ಲದ್ರೆ ಗೆಂಡುಮಕ್ಕಳ ವೇಷ. ಕ್ಯಾಥ್ಲೀನಿಂದು ಕಾಂಟ್ರಾಲ್ಟೊ.

ಅದು ಹುಟ್ಟಿದ್ದು 1912ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರಿನ ಒಂದು ಹಳ್ಳಿಲಿ. ಅಪ್ಪ ಶಾಲೆ ಮಾಷ್ಟ್ರು. ಕೂಸು ಪಿಯಾನೊಲ್ಲಿ ಭಾರೀ ಉಶಾರಿ. ಆದರೆ ಮನೆಲಿ ಪೈಸೆಯ ತತ್ವಾರ. 14 ವರ್ಷಕ್ಕೆ ಶಾಲೆ ಬಿಟ್ಟು ಬ್ಲ್ಯಾಕ್‌ಬರ್ನಿನ ಟೆಲಿಫೋನ್ ಎಕ್ಸ್‌ಚೇಂಜಿಲ್ಲಿ ಕೆಲಸಕ್ಕೆ ಸೇರಿತ್ತು. ಫೋನಿಲಿ ಗಂಟೆ ಎಷ್ಟಾತು ಹೇಳುವ ಸ್ವರಕ್ಕೆ ಜನ ಹುಡ್ಕುವಗ ಇದೂ ಪರೀಕ್ಷೆ ಕೊಟ್ಟತ್ತಡ. ಇದರ ತೆಕ್ಕೊಂಡಿದವಿಲ್ಲೆ! 1935ರಲ್ಲಿ ಬ್ಯಾಂಕಿನ ಕೆಲಸಲ್ಲಿಪ್ಪ ಒಬ್ಬನ ಮದುವೆ ಆತು. ಮದುವೆ ಆದ ಹೆಮ್ಮಕ್ಕೊ ಕೆಲಸ ಬಿಡೆಕ್ಕು ಹೇಳುದು ಅಂಬಗಾಣ ನಿಯಮ. ಬಿಟ್ಟತ್ತು.

1937ರಲ್ಲಿ ಕಾರ್ಲೈಲ್ ಹೇಳುವ ಊರಿಲಿ ಸಂಗೀತ ಸ್ಪರ್ಧೆ. ಕ್ಯಾಥ್ಲೀನ್ ಪಿಯಾನೊಕ್ಕೆ ಹೆಸರು ಕೊಟ್ಟತ್ತು. ಪದ ಹೇಳುದಕ್ಕೆ ನೀನು ಸೇರೆ ಹೇಳಿ ಗೆಂಡ° ಒಂದು ಶಿಲ್ಲಿಂಗ್ ಪಂಥ ಕಟ್ಟಿದ°. ಅದು ಸೇರಿಯೇ ಬಿಟ್ಟತ್ತು. ಎರಡರಲ್ಲಿಯೂ ಫಸ್ಟು! ಅಂಬಗ ಅದಕ್ಕೆ ಹತ್ತರೆ ಹತ್ತರೆ 25 ವರ್ಷ. ಆ ಒಂದು ಶಿಲ್ಲಿಂಗು ಇಲ್ಲದ್ರೆ ಆ ಸ್ವರ ಅಟ್ಟುಂಬೊಳವೇ ಒಳಿತಿತೋ ಏನೋ.

ಇಲ್ಲಿ ಎನಗೆ ದೊಡ್ಡಮ್ಮನ ನೆಂಪಾತು. ದೊಡ್ಡಮ್ಮಂದೂ ಹಾಂಗೇ ತಗ್ಗಿನ ಸ್ವರ. ಜೆಂಬ್ರಲ್ಲಿ ಹಸೆಪದ ಹೇಳುಲೆ ಹೆರಟರೆ "ನಿನ್ನದು ಗೆಂಡುಮಕ್ಕಳ ಸ್ವರ" ಹೇಳಿ ನೆಗೆ ಮಾಡುಗು. ಮತ್ತೆ ಅದು ಹೇಳಿದ್ದು ಅಟ್ಟುಂಬೊಳ ಮಾಂತ್ರ, ಮಜ್ಜಿಗೆ ಕಡವಗ. ಅದಕ್ಕೆ ಪಂಥ ಕಟ್ಟುವವು ಆರೂ ಇತ್ತಿದ್ದವಿಲ್ಲೆ.

ಕ್ಯಾಥ್ಲೀನ್ ಯುದ್ಧಕಾಲಲ್ಲಿ ಕಾರ್ಖಾನೆಗಳಲ್ಲಿ, ಸಣ್ಣ ಸಣ್ಣ ಊರುಗಳಲ್ಲಿ ಪದ ಹೇಳಿಗೊಂಡು ತಿರುಗಿತ್ತು. 1942ರಲ್ಲಿ ಲಂಡನ್ನಿಂಗೆ ಹೋತು. 1946ರಲ್ಲಿ ಬೆಂಜಮಿನ್ ಬ್ರಿಟನ್ನಿನ ಹೊಸ ಒಪೇರಾಲ್ಲಿ ಲುಕ್ರೀಶಿಯಾ, 1947ರಲ್ಲಿ ಗ್ಲುಕ್ಕಿನ ಒಪೇರಾಲ್ಲಿ ಆರ್ಫಿಯಸ್. ಜೀವಮಾನಲ್ಲಿ ರಂಗಲ್ಲಿ ಕಟ್ಟಿದ್ದು ಈ ಎರಡೇ ವೇಷ. ಅದೇ 1947ರಲ್ಲಿ ಮದುವೆಯೂ ಕಾನೂನು ಪ್ರಕಾರ ರದ್ದಾತು.

ಆ ವರ್ಷವೇ ಸುರೂವಾಣ ಎಡಿನ್‌ಬರೊ ಉತ್ಸವ. ಕಂಡಕ್ಟರ್ ಬ್ರೂನೊ ವಾಲ್ಟರ್. ಯಹೂದಿಗೊ ಆದ ಕಾರಣ ನಾಜಿಗಳಿಂದಾಗಿ ದೇಶ ಬಿಟ್ಟವು. ವಿಯೆನ್ನಾದ ಹಳೇ ವಾದ್ಯಮೇಳದ ಒಟ್ಟಿಂಗೆ ವರ್ಷಗಟ್ಟಲೆ ಕಳುದು ಸೇರಿದ್ದು ಅಲ್ಲಿ. ನುಡಿಶಿದ್ದು ಮಾಹ್ಲರನ 'ಭೂಮಿಯ ಪದ'. ಮಾಹ್ಲರ್ 1907ರಲ್ಲಿ ದೊಡ್ಡ ಮಗಳ ಕಳಕ್ಕೊಂಡು, ತನಗೂ ಹೃದಯದ ಸೀಕು ಇದ್ದು ಹೇಳಿ ಗೊಂತಾದ ಮತ್ತೆ ಬರದ ಕೃತಿ ಅದು. ಮಾಹ್ಲರ್ ತೀರಿ ಹೋದ ಮೇಲೆ, 1911ರಲ್ಲಿ, ಅದರ ಸುರುವಿಂಗೆ ಲೋಕಕ್ಕೆ ಕೇಳ್ಸಿದ್ದುದೇ ಇದೇ ವಾಲ್ಟರ್. ಅಕೇರಿಗೆ 'ಎಂದೆಂದಿಂಗೂ' ಹೇಳುವ ಅರ್ಥದ ಒಂದು ಶಬ್ದ ಮತ್ತೆ ಮತ್ತೆ ಬತ್ತು. ಕ್ಯಾಥ್ಲೀನಿಂಗೆ ಕೂಗುಲೆ ಬಂದು ಅಕೇರಿಯಾಣದ್ದರ ಹೇಳುಲೆ ಎಡಿಗಾತಿಲ್ಲೆ. ಮತ್ತೆ ವಾಲ್ಟರಿನ ಹತ್ತರೆ ಹೋಗಿ ತಪ್ಪಾತು ಹೇಳಿತ್ತಡ. ಅವು ಅದರ ತಪ್ಪು ಹೇಳಿ ತೆಕ್ಕೊಂಡಿದವೇ ಇಲ್ಲೆ.

1951ರ ಮಾರ್ಚಿಲ್ಲಿ ಮೊಲೆಲಿ ಕ್ಯಾನ್ಸರ್ ಹೇಳಿ ಗೊಂತಾತು. ಎಪ್ರಿಲಿಲ್ಲಿ ಆಪರೇಶನ್, ಜೂನಿಲ್ಲಿ ಪುನಃ ವೇದಿಕೆ. 1952ರ ಮೇ ತಿಂಗಳಿಲಿ ವಿಯೆನ್ನಾಕ್ಕೆ ಹೋಗಿ ವಾಲ್ಟರಿನೊಟ್ಟಿಂಗೆ ಆ 'ಭೂಮಿಯ ಪದ'ವ ರೆಕಾರ್ಡು ಮಾಡಿತ್ತು. ಈಗಳೂ ಜನ ಅದರ ಹುಡ್ಕಿ ಕೇಳ್ತವು.

1953ರ ಫೆಬ್ರವರಿ. ಲಂಡನ್ನಿನ ಕೊವೆಂಟ್ ಗಾರ್ಡನಿಲ್ಲಿ ಪುನಃ ಆರ್ಫಿಯಸ್. ಕಂಡಕ್ಟರ್ ಜಾನ್ ಬಾರ್ಬಿರೊಲಿ, ಅದಕ್ಕೆ ಹತ್ತರಾಣ ಸ್ನೇಹಿತ. ಕತೆ ನಮ್ಮ ಸಾವಿತ್ರಿಯದ್ದರ ತಿರುಗಿಸಿ ಮಡಗಿದ ಹಾಂಗೆ: ಇಲ್ಲಿ ಗೆಂಡನೇ ಪದ ಹೇಳಿಗೊಂಡು ಸತ್ತವರ ಲೋಕಕ್ಕೆ ಹೆಂಡತಿಯ ಕರಕ್ಕೊಂಡು ಬಪ್ಪಲೆ ಹೋಪದು. ಫೆಬ್ರವರಿ 6, ಎರಡ್ನೇ ಪ್ರದರ್ಶನ. ಪದ ಹೇಳ್ತಾ ಇಪ್ಪಗಳೇ ಸೀಕು ತಿಂದ ತೊಡೆ ಎಲುಬು ಮುರುದತ್ತು. ಆದರೂ ಆಟ ಮುಗಿವನ್ನಾರ ಬಿಟ್ಟಿದಿಲ್ಲೆ. ನೋಡುಲೆ ಬಂದ ಹೆಚ್ಚಿನವಕ್ಕೆ ಗೊಂತೇ ಆಯಿದಿಲ್ಲೆ. ಅಲ್ಲಿಂದ ಆಸ್ಪತ್ರೆಗೆ. ಮತ್ತೆ ವೇದಿಕೆ ಹತ್ತಿದ್ದಿಲ್ಲೆ. ಅಕ್ಟೋಬರ 8ಕ್ಕೆ ತೀರಿ ಹೋತು, 41 ವರ್ಷಕ್ಕೆ.

ಎನ್ನ ದೊಡ್ಡಮ್ಮಂಗೂ ಅದೇ ಸೀಕು. ಕೈಗೆ ಗೆಂಟು ಸಿಕ್ಕಿ ಒಂದು ವರ್ಷ ಆರ ಹತ್ತರೆಯೂ ಹೇಳಿದ್ದಿಲ್ಲೆ. ನಾಚಿಕೆ. ಹೇಳುವಗ ತಡವಾಗಿತ್ತು. ಸ್ವರವನ್ನೂ ಹುಗ್ಗಿಸಿತ್ತು, ಸೀಕನ್ನೂ ಹುಗ್ಗಿಸಿತ್ತು.

ಕ್ಯಾಥ್ಲೀನಿನ ಕಾಲಲ್ಲಿ ಈಗಾಣ ಔಷಧಿಗೊ ಇತ್ತಿಲ್ಲೆ. ಬೇಗ ಗೊಂತಾದರೆ ಗುಣ ಅಪ್ಪವು ಈಗ ಎಷ್ಟೋ ಜನ ಇದ್ದವು. ಹಾಂಗಾಗಿ ಅಕ್ಕಂದ್ರೇ, ಅತ್ತಿಗೆಯಕ್ಕಳೇ, ಕೈಗೆ ಎಂತಾರು ಸಿಕ್ಕಿರೆ ಅದೇ ದಿನ ಹೇಳಿ, ಡಾಕ್ಟ್ರಿಂಗೆ ತೋರ್ಸಿ. ಮನೆಲಿ ಹೇಳುಲೆ ಎಡಿಯದ್ರೆ ಎನಗೆ ಫೋನು ಮಾಡಿ, ಆನು ಒಟ್ಟಿಂಗೆ ಬತ್ತೆ.

ಮತ್ತೆ, ಬಪ್ಪ ತಿಂಗಳು ಎಂಗಳಲ್ಲಿ ಪೂಜೆ ಇದ್ದನ್ನೆ, ಹಾಡು ಎಲ್ಲೋರೂ ಹೇಳೆಕ್ಕು. ಸ್ವರ ತಗ್ಗು ಹೇಳಿ ಹಿಂದೆ ಕೂಪವಕ್ಕೆ ಎನ್ನದೂ ಒಂದು ರುಪಾಯಿ ಪಂಥ.